ಎಡತೊಡೆಯ ಬಾಸುಂಡೆ

ಕಂತು ಏಳು

"ಗಾಡಿ ಕಟ್ಟು," ಅಂದಳು ಹಿಲ್ಡಾ.

ಕುದುರೆಯ ಹಿಂಗಾಲ ಬಳಿ ಬಗ್ಗಿದ್ದ ಪಶುವೈದ್ಯೆ ಮಾರೈಕೆ ತಲೆ ಎತ್ತಿದಳು. "ಗಾಯ ಆಗಿರೋ ಕುದುರೆಗಾ? ತಲೆ ಸರಿ ಇದೆಯಾ ನಿಂಗೆ?"

"ಓಡಿಸೋಕಲ್ಲ ಮಾರಾಯ್ತಿ. ನಿಲ್ಲಿಸಿ ನೋಡೋಕೆ. ಗಾಡಿ ಮೂಕಿ ಎಲ್ಲಿಗೆ ಬರುತ್ತೆ ಅಂತ ನೋಡ್ಬೇಕು."

ಮಿನೂ ಎಂಬ ಆ ಕಂದು ಹೆಣ್ಣುಕುದುರೆ ಎರಡು ದಿನದಿಂದ ಪರೀಕ್ಷೆಯ ಲಾಯದಲ್ಲಿತ್ತು. ಮಂಗಳವಾರದ ಪಂದ್ಯವನ್ನು ಕತ್ತಿನಳತೆಯಲ್ಲಿ ಗೆದ್ದ ಕುದುರೆ. ಗೆದ್ದ ಮೇಲೆ ಅದರ ಎಡತೊಡೆಯಲ್ಲಿ ರಕ್ತ ಒಸರುವ ಬಾಸುಂಡೆ ಸಿಕ್ಕಿತ್ತು. ಓಡಿಸಿದವನು ಪ್ರಾಸ್ಪರ್ ಶೆವರಿ. ಬಾರುಕೋಲಿನ ನಿಯಮ ಮುರಿದು ಈ ಬೇಸಿಗೆಯಲ್ಲಿ ಆಗಲೇ ಎರಡು ಸಲ ಸಿಕ್ಕಿಬಿದ್ದವನು. ಮೂರನೆಯದು ಸಾಬೀತಾದರೆ ವರ್ಷವಿಡೀ ಗಾಡಿ ಹತ್ತುವಂತಿಲ್ಲ. ಮಧ್ಯಾಹ್ನ ವಿಚಾರಣೆ.

ಆ ಎರಡು ಸಲವೂ ಅವನನ್ನು ಹಿಡಿದವಳು ಮುಖ್ಯ ತೀರ್ಪುಗಾರ್ತಿ ಹಿಲ್ಡಾ ಮಕ್‌ಆಸ್ಕಿಲ್. ಲಗಾಮಿನ ಹಗ್ಗ ಎರಡೂ ಕೈಯಲ್ಲಿರಬೇಕು, ಮಣಿಕಟ್ಟು ಮಾತ್ರ ಆಡಬೇಕು, ಮೊಣಕೈ ಭುಜದ ಮೇಲೆ ಏಳಬಾರದು, ಚರ್ಮ ಒಡೆಯಬಾರದು. ಇದು ಅವಳು ಹಟ ಹಿಡಿದು ತಂದ ನಿಯಮ. ದ್ವೀಪದ ಅರ್ಧ ಜನ ಇದಕ್ಕೆ ಅವಳನ್ನು ಬೈಯುತ್ತಿದ್ದರು, ಇನ್ನರ್ಧ ಜನ ನಗುತ್ತಿದ್ದರು. ಅವಳಿಗೆ ಎರಡೂ ಒಂದೇ. ಹೊಡೆದವನಿಗೆ ಶಿಕ್ಷೆ, ಅವನು ದೊಡ್ಡ ಮನುಷ್ಯನಾದರೂ ಸರಿ. ಹೊಡೆಯದವನಿಗೆ ಒಂದು ದಿನದ್ದೂ ಇಲ್ಲ, ಅವನು ಪ್ರಾಸ್ಪರ್ ಶೆವರಿಯಂಥ ಮೊಂಡನಾದರೂ ಸರಿ.

ಗಾಡಿ ಬಂತು. ಎರಡು ತೆಳ್ಳನೆಯ ಗಾಲಿ, ನಡುವೆ ಅಂಗೈಯಗಲದ ಆಸನ, ಕುದುರೆಯ ಎರಡೂ ಪಕ್ಕಕ್ಕೆ ಬರುವಂತೆ ಮುಂದಕ್ಕೆ ಚಾಚಿದ ಎರಡು ಮೂಕಿ. ಮಾರೈಕೆ ಗೊಣಗುತ್ತಲೇ ಬಲಗಡೆಯ ಪಟ್ಟಿ ಬಿಗಿದಳು. ಹಿಲ್ಡಾ ಎಡಗಡೆಯದನ್ನು ಬಿಗಿದು ಎರಡು ಹೆಜ್ಜೆ ಹಿಂದೆ ಸರಿದಳು.

ನೋಡಿದಳು. ಇನ್ನೊಮ್ಮೆ ನೋಡಿದಳು.

"ಬಾ ಇಲ್ಲಿ. ಏನು ಕಾಣುತ್ತೆ ಹೇಳು."

ಬಾಸುಂಡೆ ತೊಡೆಗೆ ಓರೆಯಾಗಿ ಬೆಲ್ಟು ಸುತ್ತಿದ ಹಾಗೆ ಎದ್ದಿತ್ತು. ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ, ಎಲ್ಲೂ ತುಂಡಾಗಿರಲಿಲ್ಲ. ಈಗ ಗಾಡಿಯ ಮೂಕಿ ಸರಿಯಾಗಿ ಅದರ ನಟ್ಟನಡುವೆ ಅಡ್ಡ ಬಂದು, ಗೆರೆಯ ಒಂದು ಗೇಣನ್ನು ಪೂರ್ತಿ ಮುಚ್ಚಿತ್ತು.

ಮಾರೈಕೆ ಬಾಯಿಗೆ ಕೈ ಇಟ್ಟುಕೊಂಡಳು. "ಮೂಕಿ ಇದ್ದಿದ್ರೆ ಏಟು ಮೂಕಿಗೆ ಬೀಳ್ಬೇಕಿತ್ತು."

"ಗೆರೆ ಎರಡು ತುಂಡಾಗ್ಬೇಕಿತ್ತು. ಆಗಿಲ್ಲ."

"ಅಂದ್ರೆ ಹೊಡೆದಾಗ…"

"ಕುದುರೆಗೆ ಗಾಡೀನೇ ಕಟ್ಟಿರಲಿಲ್ಲ." ಹಿಲ್ಡಾ ಮಿನೂವಿನ ಕುತ್ತಿಗೆ ತಟ್ಟಿದಳು. "ಗಾಡಿ ಇಲ್ಲ ಅಂದ್ಮೇಲೆ ಗಾಡಿ ಮೇಲೆ ಕೂತೋನು ಎಲ್ಲಿಂದ ಬಂದ?"

ಪಂದ್ಯಕ್ಕೆ ಮುಂಚೆ ಆದದ್ದಲ್ಲ. ಕಣಕ್ಕೆ ಇಳಿಯುವ ಮೊದಲು ಪ್ರತಿ ಕುದುರೆಯನ್ನೂ ಮಾರೈಕೆಯೇ ಮುಟ್ಟಿ ನೋಡಿದ್ದಳು. ಗೆದ್ದ ಮೇಲೆ ತೆಗೆದ ಪಟದಲ್ಲಿ ಮಿನೂವಿನ ಎಡಮೈ ಕ್ಯಾಮೆರಾ ಕಡೆಗಿತ್ತು. ಹಿಲ್ಡಾ ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಮೂಕಿಯ ಮೇಲೂ ಕೆಳಗೂ ಕೆಂಪು ಕೆಸರಿನ ಚುಕ್ಕೆಗಳಷ್ಟೇ. ಗಾಯ ಇಲ್ಲ.

ಪಟ ತೆಗೆದಾದ ಮೇಲೆ ಗಾಡಿ ಬಿಚ್ಚುವ ಚಪ್ಪರ. ಅಲ್ಲಿಂದ ಬೇಲಿಯ ಓಣಿ. ಓಣಿ ಮುಗಿದರೆ ಈ ಲಾಯ. ಆ ಓಣಿಯಲ್ಲಿ ಯಾರೋ ನಿಂತು, ಪ್ರಾಸ್ಪರನ ಹೆಸರಿಗೆ ಹತ್ತಲಿ ಅಂತ ಒಂದು ಮೂಕಪ್ರಾಣಿಗೆ ಬಾರಿಸಿದ್ದರು.

ಹಿಲ್ಡಾಳ ಕಿವಿ ಬಿಸಿಯಾಯಿತು. ಸಿಟ್ಟು ಬಂದರೆ ಅವಳಿಗೆ ಮೊದಲು ಬಿಸಿಯಾಗುವುದು ಕಿವಿ.

"ಯಾರ ಕೈಯಲ್ಲಿತ್ತು ಆವಾಗ ಕುದುರೆ?" ಮಾರೈಕೆ ಕೇಳಿದಳು.

"ಅದನ್ನೇ ಕೇಳೋಕೆ ಹೊರಟೆ."

* * *

ಪಂದ್ಯದ ಮೈದಾನದ ಅಡುಗೆಮನೆಯಲ್ಲಿ ಮೀನಿನ ವಡೆಯ ಹೊಗೆ, ಚಹಾದ ಹಬೆ, ಒದ್ದೆ ಬೂಟುಗಳ ನಾತ. ಕಡಲಿನಿಂದ ಮಂಜು ಎದ್ದಿತ್ತು. ಬೆಳಗಿನ ಅಭ್ಯಾಸ ಮುಗಿಸಿದವರೆಲ್ಲ ಅಲ್ಲೇ ಸೇರಿದ್ದರು. ಹಿಲ್ಡಾ ಒಳಗೆ ಬಂದದ್ದೇ ಮಾತು ತಗ್ಗಿತು.

"ಬಂದ್ರಪ್ಪಾ ಅಮ್ಮಾವ್ರು," ಅಂದ ರಾಯ್ಡನ್ ಪ್ರೌಸ್. "ಎಲ್ರೂ ಕೈ ಕಟ್ಕೊಂಡು ಕೂತ್ಕೊಳ್ಳಿ. ನೊಣ ಹೊಡೆದ್ರೂ ಈವಮ್ಮ ಮೊಣಕೈ ಅಳೀತಾಳೆ."

"ನಿಂದು ಅಳೆಯೋ ಅಷ್ಟು ಎದ್ದೇ ಇಲ್ಲ ಬಿಡು ರಾಯ್ಡನ್," ಅಂದಳು ಹಿಲ್ಡಾ. "ಅದಕ್ಕೇ ಎರಡನೇ ಸ್ಥಾನ."

ನಗು ಎದ್ದಿತು. ರಾಯ್ಡನ್ ಎಲ್ಲರಿಗಿಂತ ಜೋರಾಗಿ ನಕ್ಕ. ಮಂಗಳವಾರ ಕತ್ತಿನಳತೆಯಲ್ಲಿ ಸೋತವನು ಅವನೇ. ಪ್ರಾಸ್ಪರ್ ಹೊರಗಾದರೆ ಶನಿವಾರದ ಪಂದ್ಯದ ಬಹುಮಾನ, ಆ ದೊಡ್ಡ ಬಟ್ಟಲು, ಅವನಿಗೇ ಅಂತ ಊರೆಲ್ಲ ಮಾತು. ಕಾರಣ ಹುಡುಕುವವರಿಗೆ ಕಾರಣ ಸಾಕು. ಆದರೆ ಮಂಗಳವಾರ ಮಿನೂ ಆ ಓಣಿ ದಾಟುವ ಹೊತ್ತಿಗೆ ರಾಯ್ಡನ್ ಕಣದ ಬದಿಯ ಫೋನ್ ಹಿಡಿದು, ಪ್ರಾಸ್ಪರ್ ತನಗೆ ದಾರಿ ಬಿಡಲಿಲ್ಲ ಅಂತ ತೀರ್ಪುಗಾರರಿಗೆ ಅರಚುತ್ತಿದ್ದ. ಆ ಕಡೆ ಫೋನ್ ಹಿಡಿದವಳು ಸ್ವತಃ ಹಿಲ್ಡಾ. ಅವನ ಬೈಗುಳ ಇನ್ನೂ ಅವಳ ಕಿವಿಯಲ್ಲೇ ಇತ್ತು. ಅವನಲ್ಲ.

ಪ್ರಾಸ್ಪರ್ ಮೂಲೆಯಲ್ಲಿ ಎಡಭುಜ ಗೋಡೆಯ ಕಡೆಗಿಟ್ಟು ಕೂತಿದ್ದ. ಬಿಳಿ ಮೀಸೆ, ಕೆಂಪು ಕುತ್ತಿಗೆ, ಅರವತ್ತು ದಾಟಿದರೂ ಕಬ್ಬಿಣದ ಸಲಾಕೆಯಂಥ ಬೆನ್ನು. ಪಕ್ಕದಲ್ಲಿ ಮಗಳು ನೊಯೆಲ್ಲಾ. ಅಪ್ಪನ ಕುದುರೆಗಳ ಮೈ ತಿಕ್ಕುವುದು, ಲಗಾಮು-ಪಟ್ಟಿಗಳ ಸಾಜು ಕಟ್ಟುವುದು, ಬಿಚ್ಚುವುದು, ನಡೆಸುವುದು ಎಲ್ಲ ಅವಳದೇ. ಮೂವತ್ತರ ಹೆಣ್ಣು, ಚಳಿ ಕಳೆದರೆ ಸೀಗಡಿ ದೋಣಿಯಲ್ಲಿ ಬಲೆಪೆಟ್ಟಿಗೆ ಎಳೆಯುವ ತೋಳು.

"ನಿನ್ನ ಜೊತೆ ಮಾತಿದೆ ಪ್ರಾಸ್ಪರ್."

"ಮಧ್ಯಾಹ್ನ ಇದ್ಯಲ್ಲ ಮಾತು. ಆಗ ತಲೆ ತೆಗಿ. ಈಗ ತಿಂಡಿ ತಿನ್ನೋಕೆ ಬಿಡು."

"ನೀನು ಹೊಡೆದ್ಯಾ?"

"ಮೂಕಿಗೆ ಎರಡು ಸಲ ಟಪ್ ಟಪ್ ಅನ್ಸಿದೆ. ಕುದುರೆಗೆ ಮುಟ್ಟಿಸಲಿಲ್ಲ. ಮಿನೂಗೆ ಹೊಡೀಬೇಕಾ? ಅದಕ್ಕೆ ಸೊಂಟ ಅಲ್ಲಾಡಿಸಿದ್ರೆ ಸಾಕು, ಓಡುತ್ತೆ. ಹೋದ ತಿಂಗಳು ಎರಡು ಸಲ ಹೊಡೆದೆ, ಬೇರೆ ಕುದುರೆಗಳಿಗೆ. ಒಪ್ಕೊಂಡೆ, ಶಿಕ್ಷೆ ತಿಂದೆ. ಇದು ನಂದಲ್ಲ."

ಒಳ್ಳೆಯದು. ಹೀಗೆ ಹೇಳಿದರೆ ಕೆಲಸ ಹಗುರ ಅಂದುಕೊಂಡಳು ಹಿಲ್ಡಾ. ಆ ಮಾತನ್ನು ಅವನು ಮಧ್ಯಾಹ್ನದ ತನಕ ಉಳಿಸಿಕೊಳ್ಳುವುದಿಲ್ಲ ಅಂತ ಅವಳಿಗೇನು ಗೊತ್ತು.

ರಾಯ್ಡನ್ ತಟ್ಟೆ ಹಿಡಿದು ಈ ಕಡೆ ಬಂದ. ಗೋಡೆಗೂ ಮೇಜಿಗೂ ನಡುವೆ ನುಸುಳಿ, ಪ್ರಾಸ್ಪರನ ಎಡಗಡೆಗೆ ನಿಂತು ಕೈ ಚಾಚಿದ. "ಏನಾದ್ರೂ ಆಗ್ಲಿ ತಾತ, ಮಂಗಳವಾರ ಚೆನ್ನಾಗಿ ಓಡಿಸ್ದೆ. ಕೈ ಕೊಡು."

ಪ್ರಾಸ್ಪರ್ ಅತ್ತ ನೋಡಲೂ ಇಲ್ಲ. ವಡೆ ಮುರಿದು ಬಾಯಿಗೆ ಹಾಕಿಕೊಂಡ.

ಕೈ ಗಾಳಿಯಲ್ಲಿ ಉಳಿಯಿತು. "ನೋಡ್ರಪ್ಪ ಸೊಕ್ಕು!" ರಾಯ್ಡನ್ ಕೈ ಹಿಂದೆಗೆದ. "ಆಗ್ಲಿ. ಶನಿವಾರ ಯಾರು ಯಾವ ಜಾಗದಿಂದ ಹೊರಡ್ಬೇಕು ಅಂತ ಇವತ್ತು ಚೀಟಿ ಎತ್ತುತ್ತಾರೆ. ಈ ತಿಂಗಳೆಲ್ಲ ಒಳಬೇಲಿ ತಬ್ಕೊಂಡೇ ಓಡಿಸಿದ್ದೀಯ. ಮೊದಲೆಲ್ಲ ಹೊರಗಿಂದ ಸುತ್ತಾಕ್ಕೊಂಡು ಬಂದು ನಮ್ಮ ಹೊಟ್ಟೆ ಉರಿಸೋನು, ಈಗ ಬೇಲಿ ಬಿಟ್ಟು ಬರಲ್ಲ ಅಂತೀಯ. ಹೊರಗಿನ ಜಾಗ ಬಂದ್ರೆ ಏನ್ಮಾಡ್ತೀಯಪ್ಪಾ, ಬೇಲೀನ ಜೊತೇಲಿ ಹೊತ್ಕೊಂಡ್ ಹೋಗ್ತೀಯಾ?"

ಪ್ರಾಸ್ಪರ್ ಆಗ ಥಟ್ಟನೆ ಕತ್ತು ತಿರುಗಿಸಿದ, ಆ ದನಿ ಅಲ್ಲಿಂದ ಬಂದದ್ದೇ ಆಶ್ಚರ್ಯ ಅನ್ನುವ ಹಾಗೆ. "ವಯಸ್ಸಾದ ಮೇಲೆ ಹತ್ತಿರದ ದಾರಿ ಹಿಡೀಬೇಕು ಕಣೋ. ನಿಂಗೂ ಬರುತ್ತೆ ಬುದ್ಧಿ."

ಮತ್ತೆ ನಗು. ನೊಯೆಲ್ಲಾ ಮಾತ್ರ ನಗಲಿಲ್ಲ. ಚಹಾದ ಬಟ್ಟಲನ್ನು ಅಪ್ಪನ ಬಲಗೈಗೆ ಮುಟ್ಟುವ ಹಾಗೆ ತಳ್ಳಿ ಎದ್ದಳು.

"ಎಲ್ಲಿಗೆ ಹೊರಟೆ?" ಹಿಲ್ಡಾ ಕೇಳಿದಳು.

"ಸಾಜು ತೊಳೀಬೇಕು."

"ನಡಿ. ನಾನೂ ಬರ್ತೀನಿ."

* * *

ಸಾಜಿನ ಕೋಣೆಯಲ್ಲಿ ತೊಗಲು ಮತ್ತು ಸಾಬೂನಿನ ವಾಸನೆ. ಗೋಡೆ ತುಂಬ ಲಗಾಮು, ಎದೆಪಟ್ಟಿ, ಮೂಗುದಾರ. ನೊಯೆಲ್ಲಾ ಬಕೀಟಿನ ಮುಂದೆ ಕೂತು ಒಂದು ಪಟ್ಟಿಯನ್ನು ತಿಕ್ಕತೊಡಗಿದಳು. ಅದು ಆಗಲೇ ಹೊಳೆಯುತ್ತಿತ್ತು.

ಹಿಲ್ಡಾ ಬಾಗಿಲು ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತಳು. ಸುತ್ತಿ ಬಳಸಿ ಕೇಳುವುದು ಅವಳಿಗೆ ಯಾವತ್ತೂ ಬಂದಿಲ್ಲ.

"ಮಂಗಳವಾರ ಗಾಡಿ ಬಿಚ್ಚಿದ್ದು ಯಾರು?"

"ನಾನು."

"ಲಾಯಕ್ಕೆ ನಡೆಸಿದ್ದು?"

"ನಾನೇ. ಇನ್ಯಾರು ನಡೆಸ್ತಾರೆ?"

"ಜೊತೇಲಿ ಯಾರಿದ್ರು?"

"ಯಾರೂ ಇಲ್ಲ."

"ನಿಮ್ಮಪ್ಪನ ಬಾರುಕೋಲು ಎಲ್ಲಿತ್ತು?"

ತಿಕ್ಕುವ ಕೈ ನಿಂತಿತು. ಗೆದ್ದವನು ಪಟಕ್ಕೆ ನಿಲ್ಲುವ ಮೊದಲು ಬಾರುಕೋಲನ್ನು ಕುದುರೆ ನೋಡಿಕೊಳ್ಳುವವರ ಕೈಗೆ ಕೊಡುವುದು ದ್ವೀಪದ ಹಳೆಯ ರೂಢಿ. ಪಟದಲ್ಲಿ ಬಾರುಕೋಲು ಬಂದರೆ ಮುಂದಿನ ಪಂದ್ಯ ಸೋಲುತ್ತಾರೆ ಅನ್ನುವ ನಂಬಿಕೆ. ಅಜ್ಜಂದಿರು ಮಾಡಿದ್ದು, ಮೊಮ್ಮಕ್ಕಳೂ ಮಾಡುವುದು.

"ನನ್ನ ಹತ್ರ ಇತ್ತು," ಅಂದಳು ನೊಯೆಲ್ಲಾ, ಬಕೀಟಿಗೆ.

"ಮೂಕಿ ಅಡ್ಡ ಇದ್ರೆ ಆ ಬಾಸುಂಡೆ ಎರಡು ತುಂಡಾಗ್ಬೇಕಿತ್ತು. ಈಗ ತಾನೇ ಗಾಡಿ ಕಟ್ಟಿ ನೋಡ್ದೆ. ನೆಲದ ಮೇಲೆ ನಿಂತು, ಕುದುರೆಯ ಭುಜದ ಹತ್ರದಿಂದ, ಹಿಂದಕ್ಕೆ ಬೀಸಿದ ಏಟು ಅದು. ಕುದುರೆ ಹಿಡ್ಕೊಂಡು ನಡೆಯೋರು ನಿಲ್ಲೋ ಜಾಗ. ಇನ್ನೂ ಹೇಳ್ಲಾ, ನೀನೇ ಹೇಳ್ತೀಯಾ?"

ನೊಯೆಲ್ಲಾ ಮುಖ ಎತ್ತಿದಳು. ಅಳು ಇರಲಿಲ್ಲ. ಬಹಳ ದಿನ ಹೊತ್ತ ಮೂಟೆಯನ್ನು ಯಾರೋ ನೋಡಿಬಿಟ್ಟರು ಅನ್ನುವ ಸುಸ್ತು ಇತ್ತು.

"ಒಂದೇ ಏಟು," ಅಂದಳು. "ಕಣ್ಣು ಮುಚ್ಕೊಂಡು ಹೊಡೆದೆ. ಅದು ಬೆಚ್ಚಿಬಿದ್ದು ಸುತ್ತ ನೋಡ್ತು ಹಿಲ್ಡಾ, ಯಾರು ಹೊಡೆದ್ರು ಅಂತ. ನಾನು ಅಂತ ಅದಕ್ಕೆ ಗೊತ್ತೇ ಆಗ್ಲಿಲ್ಲ. ಬಂದು ನನ್ನ ಕೈನೇ ಮೂಸ್ತು."

"ಥೂ ನಿನ್ನ!" ಹಿಲ್ಡಾಳ ದನಿಗೆ ಗೋಡೆಯ ಲಗಾಮು ಅಲ್ಲಾಡಿತು. "ಹೆತ್ತಪ್ಪನ ಅನ್ನಕ್ಕೆ ಮಣ್ಣು ಹಾಕೋಕೆ ಒಂದು ಪ್ರಾಣಿ ಚರ್ಮ ಸುಲಿದ್ಯಲ್ಲೇ! ಎಷ್ಟು ಕೊಬ್ಬು? ಯಾರು ಹೇಳಿಕೊಟ್ರು?"

"ಯಾರೂ ಇಲ್ಲ! ಅನ್ನ ಹೋದ್ರೆ ಹೋಗ್ಲಿ, ಅಪ್ಪ ಉಳೀಲಿ ಅಂತ ಹೊಡೆದೆ!"

ಹೊರಗೆ ಯಾವುದೋ ಕುದುರೆ ಕೆನೆಯಿತು.

"ಹೋದ ವಾರ ಬೆಳಗ್ಗೆ ಅಭ್ಯಾಸಕ್ಕೆ ಹೋಗಿದ್ವಿ," ನೊಯೆಲ್ಲಾ ಹೇಳಿದಳು. "ನಾವಿಬ್ರೇ. ಹಿಂದಿನ ತಿರುವಲ್ಲಿ ಅಪ್ಪ ಗಾಡಿ ಮೇಲೆ ಕೂತ ಹಾಗೇ ಎಚ್ಚರ ತಪ್ಪಿದ. ಹಗ್ಗದ ಕುಣಿಕೆಯಲ್ಲಿ ಕೈ ಸಿಕ್ಕಿಕೊಂಡಿದ್ದಕ್ಕೆ ಬೀಳ್ಲಿಲ್ಲ. ಮಿನೂ ತಾನೇ ನಿಧಾನ ಮಾಡ್ಕೊಂಡು ನನ್ನ ಹತ್ರ ಬಂದು ನಿಲ್ತು. ನಾನು ಅವನ ಮುಖಕ್ಕೆ ನೀರು ಹಾಕ್ದೆ. ಎಚ್ಚರ ಆದ ಮೇಲೆ ಮೊದಲ ಮಾತು ಏನು ಗೊತ್ತಾ? ಯಾರಿಗೂ ಹೇಳ್ಬೇಡ. ಎರಡನೇ ಮಾತೂ ಅದೇ."

"ವೈದ್ಯರ ಹತ್ರ?"

"ವೈದ್ಯರು ಒಂದು ಸಲ ಬೇಡ ಅಂದ್ರೆ ಬದುಕಿರೋ ತನಕ ಗಾಡಿ ಇಲ್ಲ. ಅದು ಅವನಿಗೆ ಗೊತ್ತು, ನಿನಗೂ ಗೊತ್ತು. ಕೈಮುಗಿದೆ, ಜಗಳ ಆಡ್ದೆ, ಅಮ್ಮನ ಸಮಾಧಿ ಮೇಲೆ ಆಣೆ ಹಾಕ್ದೆ. ಕಲ್ಲಿಗೆ ಹೇಳ್ದ ಹಾಗೆ. ಬಾರುಕೋಲಿನ ಶಿಕ್ಷೆ ಆದ್ರೆ ಬರೀ ಒಂದು ವರ್ಷ. ಮರುಬೆಳಗಿಂದಲೇ ಗಾಡಿ ಹತ್ತೋ ಹಾಗಿಲ್ಲ. ಶನಿವಾರ ಅಷ್ಟು ಗಾಡಿ ಮಧ್ಯೆ ಅವನು ಇರಲ್ಲ. ಒಂದು ವರ್ಷ ಮನೇಲಿದ್ರೆ ಹೆಂಗೋ ಒಪ್ಪಿಸ್ಕೋತೀನಿ ಅಂದ್ಕೊಂಡೆ."

ಮರುಬೆಳಗಿಂದ. ಆ ಮಾತಿನಲ್ಲಿ ಏನೋ ತಿದ್ದಬೇಕು ಅಂತ ಹಿಲ್ಡಾಗೆ ಅನಿಸಿತು. ಆದರೆ ಸಿಟ್ಟು ಅದಕ್ಕಿಂತ ಮೊದಲೇ ನಾಲಿಗೆಗೆ ಬಂದಿತ್ತು. ಅವಳ ಸಿಟ್ಟಿನ ಗುಣವೇ ಅದು. ಬೇಕಾದ ಮಾತನ್ನು ಹಿಂದಕ್ಕೆ ತಳ್ಳಿ ಬೇಡದ್ದನ್ನು ಮುಂದೆ ತರುತ್ತದೆ.

"ಕೇಳು. ಮಧ್ಯಾಹ್ನ ಬಂದು ಇಷ್ಟನ್ನೂ ಹೇಳ್ತೀಯ. ಏಟೂ ನಿಂದು, ಅಪ್ಪನ ಮೂರ್ಛೆಯೂ ನಿಜ. ಅವನನ್ನ ನಾನು ನೇರ ವೈದ್ಯರ ಹತ್ರ ಕಳಿಸ್ತೀನಿ. ಅವರು ಬರೆದು ಕೊಡೋವರೆಗೂ ಗಾಡಿ ಇಲ್ಲ."

"ನಾನು?"

"ನಿನ್ನ ಲೈಸೆನ್ಸ್ ನಾನೇ ಕಿತ್ಕೋತೀನಿ. ಇನ್ಮೇಲೆ ಈ ದ್ವೀಪದಲ್ಲಿ ಯಾವ ಕುದುರೆ ಹಗ್ಗಾನೂ ನೀನು ಹಿಡಿಯೋ ಹಾಗಿಲ್ಲ."

ನೊಯೆಲ್ಲಾ ಗೋಡೆಯ ಮೇಲಿನ ಸಾಜುಗಳನ್ನು ಒಂದೊಂದಾಗಿ ನೋಡಿದಳು. ಅವಳು ಅಂಬೆಗಾಲಿಟ್ಟದ್ದೂ ಇದೇ ಕೋಣೆಯಲ್ಲಿ.

"ಬೇರೆ ದಾರಿ ಇಲ್ವಾ?"

"ಇಲ್ಲ. ಹೊಡೆದೋರಿಗೆ ಶಿಕ್ಷೆ. ಅದರಲ್ಲಿ ನನ್ನ ಹತ್ರ ಎರಡು ತಕ್ಕಡಿ ಇಲ್ಲ. ಹೇಳ್ತೀಯಾ?"

ಅವಳು ಕೈಲಿದ್ದ ಪಟ್ಟಿಯನ್ನು ಬಕೀಟಿಗೆ ಬಿಟ್ಟು "ಹೂಂ" ಅಂದಳು.

ಹಿಲ್ಡಾ ಆ ಹೂಂಕಾರವನ್ನು ನಂಬಿದಳು.

* * *

ತೀರ್ಪುಗಾರರ ಕೋಣೆ ಪ್ರೇಕ್ಷಕರ ಕಟ್ಟೆಯ ನೆತ್ತಿಯ ಮೇಲೆ. ಕಿಟಕಿಯಿಂದ ಇಡೀ ಓಟದ ಸುತ್ತು ಕಾಣುತ್ತದೆ. ಇವತ್ತು ಮಂಜಿನಲ್ಲಿ ಅರ್ಧವೇ ಕಾಣುತ್ತಿತ್ತು. ಉದ್ದ ಮೇಜಿನ ಹಿಂದೆ ಮೂವರು: ನಡುವೆ ಹಿಲ್ಡಾ, ಬಲಕ್ಕೆ ಲೆಸ್ಟರ್ ಬ್ರೆಹಾಟ್, ಎಡಕ್ಕೆ ಬ್ರೆಹಾಟ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮೂರನೆಯವನು. ತೀರ್ಪಿಗೆ ಇಬ್ಬರ ಮಾತು ಸಾಕು. ಮೇಜಿನ ಮೇಲೆ ಪ್ರಾಸ್ಪರನ ಬಾರುಕೋಲು ಅಡ್ಡ ಬಿದ್ದಿತ್ತು.

ಪ್ರಾಸ್ಪರ್ ಭಾನುವಾರ ಚರ್ಚಿಗೆ ಹೋಗುವವನಂತೆ ಕೋಟು ಹಾಕಿಕೊಂಡು ಬಂದಿದ್ದ. ಹಿಂದೆ ಬೆಂಚಿನ ಮೇಲೆ ನೊಯೆಲ್ಲಾ.

"ನನ್ನದು ಒಂದೇ ಮಾತು," ಅಂದ ಅವನು, ಯಾರೂ ಕೇಳುವ ಮೊದಲೇ. "ಹೊಡೆದೆ. ತಪ್ಪಾಯ್ತು. ಬರ್ಕೊಳ್ಳಿ."

ಹಿಲ್ಡಾ ಮೇಜಿನ ಮೇಲೆ ಮುಂದಕ್ಕೆ ಬಾಗಿದಳು. "ಬೆಳಗ್ಗೆ ಇಲ್ಲ ಅಂದ್ಯಲ್ಲೋ!"

"ಬೆಳಗ್ಗೆ ಹೊಟ್ಟೆ ಹಸಿದಿತ್ತು. ಈಗ ತುಂಬಿದೆ."

ಮೂರನೆಯವನು ಫಕ್ಕನೆ ನಕ್ಕ. ಬ್ರೆಹಾಟ್ ಮಾತ್ರ ಹಗುರಾಗಿ ಉಸಿರುಬಿಟ್ಟ. ಊಟದ ಹೊತ್ತು ಮೀರುತ್ತಿತ್ತು. "ತಪ್ಪು ಒಪ್ಕೊಂಡ ಮೇಲೆ ಇನ್ನೇನಿದೆ ಹಿಲ್ಡಾ?"

"ಇದೆ. ಇವನು ಹೊಡೆದಿಲ್ಲ." ಹಿಲ್ಡಾ ಎದ್ದು ನಿಂತೇ ಹೇಳಿದಳು: ಮೂಕಿಯ ಕಥೆ, ತುಂಡಾಗದ ಗೆರೆ, ಗೆಲುವಿನ ಪಟ. ಮಾರೈಕೆಯ ಹೆಸರೂ ಹೇಳಿದಳು.

ಪ್ರಾಸ್ಪರ್ ತಾಳ್ಮೆಯಿಂದ ಕೇಳಿದ. "ಬಾರುಕೋಲಿಗೆ ಮೂಳೆ ಇದೆಯಾ ತಾಯಿ? ಬಳುಕುತ್ತೆ, ಸುತ್ಕೊಳ್ಳುತ್ತೆ. ನಲವತ್ತು ವರ್ಷದಿಂದ ಹಿಡಿದಿದ್ದೀನಿ, ನಂಗೇ ಗೊತ್ತಿಲ್ಲ ಅದರ ತುದಿ ಎಲ್ಲಿಗೆ ಬೀಳುತ್ತೆ ಅಂತ. ಪಟ ತೆಗೆದಾಗ ಚರ್ಮ ಊದಿರಲಿಲ್ಲ, ಆಮೇಲೆ ಊದ್ತು. ನಾನು ಹೊಡೆದೆ ಅಂತಿದ್ದೀನಿ. ಬೇಡ ಬೇಡ ಅಂತ ನೀನು ಯಾಕೆ ಜಗಳ ಆಡ್ತೀಯ? ಎರಡು ಸಲ ನನ್ನ ಹಿಡ್ಕೊಟ್ಟೋಳು ನೀನೇ ತಾನೇ?"

"ಸುಳ್ಳನ್ನ ತೀರ್ಪು ಅಂತ ನಾನು ಬರೆಯಲ್ಲ. ನಿಮ್ಮಪ್ಪನ ಮುಂದೆಯೇ ಹೇಳು ನೊಯೆಲ್ಲಾ. ಬೆಳಗ್ಗೆ ನನಗೇನು ಹೇಳ್ದೆ?"

ನೊಯೆಲ್ಲಾ ಎದ್ದಳು. ಅಪ್ಪ ತಿರುಗಿ ಅವಳನ್ನು ನೋಡಿದ. ಗದರುವ ನೋಟವಲ್ಲ. ಚಿಕ್ಕಂದಿನಲ್ಲಿ ಅವಳನ್ನು ಮೊದಲ ಸಲ ಗಾಡಿಗೆ ಹತ್ತಿಸಿದಾಗ, ಹೆದರಬೇಡ ನಾನಿದ್ದೀನಿ ಅಂತ ನೋಡಿದ್ದನಲ್ಲ, ಹಾಗೆ.

ಹಿಲ್ಡಾ ಕಾದಳು. ಗೋಡೆ ಗಡಿಯಾರ ಕಾಯಲಿಲ್ಲ.

"ಅಪ್ಪನೇ ಹೊಡೆದದ್ದು," ಅಂದಳು ನೊಯೆಲ್ಲಾ. "ನಾನು ಕಣ್ಣಾರೆ ಕಂಡೆ."

"ಏನಂದೆ?"

"ಬೆಳಗ್ಗೆ ನೀನು ಕೂಗಾಡ್ದೆ. ಹೆದರಿ ಏನೇನೋ ಅಂದೆ. ಅಪ್ಪ ಒಪ್ಕೊಂಡಿದ್ದಾನೆ. ಶಿಕ್ಷೆ ಕೊಡಿ, ಕರ್ಕೊಂಡು ಹೋಗ್ತೀನಿ."

ಅವಳ ಲೆಕ್ಕ ಹಿಲ್ಡಾಗೆ ಕನ್ನಡಿಯಷ್ಟು ನಿಚ್ಚಳವಾಗಿ ಕಂಡಿತು. ಅಪ್ಪ ತಾನಾಗಿಯೇ ಶಿಕ್ಷೆಗೆ ಕತ್ತು ಕೊಟ್ಟಿದ್ದಾನೆ. ವೈದ್ಯರ ಮಾತೂ ಎದ್ದಿಲ್ಲ, ಮಗಳ ಲೈಸೆನ್ಸೂ ಉಳಿಯಿತು, ಅಪ್ಪನೂ ಗಾಡಿಯಿಂದ ಇಳಿದ. ಎಲ್ಲ ಮುಳ್ಳೂ ಒಂದೇ ಸುಳ್ಳಿನಿಂದ ಕಿತ್ತುಬಂತು ಅಂತ ಆ ಹುಡುಗಿ ನಂಬಿದ್ದಾಳೆ.

ಮತ್ತು ಪ್ರಾಸ್ಪರ್ ಯಾಕೆ ಒಪ್ಪಿಕೊಂಡ ಅನ್ನುವುದೂ ಆಗಲೇ ಹಿಲ್ಡಾಗೆ ಹೊಳೆಯಿತು. ಮಗಳು ನಿಜ ಹೇಳಿದರೆ ವೈದ್ಯರ ಮಾತೂ ಏಳುತ್ತಿತ್ತು, ಅದಕ್ಕೇ ಅವಳು ಬಾಯಿಬಿಡುವ ಮೊದಲೇ ಒಪ್ಪಿಕೊಂಡ; ಬೆಳಗ್ಗೆ ತಿದ್ದದೆ ಬಿಟ್ಟ ಆ "ಮರುಬೆಳಗಿಂದ" ಅನ್ನುವ ಮಾತೂ ಈಗ ನೆನಪಾಯಿತು.

"ಲೆಸ್ಟರ್, ತೀರ್ಪು ತಡಿ. ಇವನನ್ನ ಮೊದಲು ವೈದ್ಯರಿಗೆ ತೋರಿಸ್ಬೇಕು. ಹೋದ ವಾರ ಗಾಡಿ ಮೇಲೆ ಮೂರ್ಛೆ ಹೋಗಿದ್ದಾನೆ."

"ಯಾರು ನೋಡಿದ್ರು?" ಬ್ರೆಹಾಟ್ ನೊಯೆಲ್ಲಾಳ ಕಡೆ ತಿರುಗಿದ. "ನೀನು ನೋಡಿದ್ಯಾ ಮಗಳೇ?"

"ಇಲ್ಲ," ಅಂದಳು ನೊಯೆಲ್ಲಾ, ನೆಲ ನೋಡುತ್ತ.

"ಮುಗೀತಲ್ಲ." ಬ್ರೆಹಾಟ್ ಕನ್ನಡಕ ಹಾಕಿಕೊಂಡ. ಮೂರನೆಯವನು ತಲೆಯಾಡಿಸಿದ. "ಪ್ರಾಸ್ಪರ್ ಶೆವರಿ, ಬಾರುಕೋಲಿನ ನಿಯಮ ಮೂರನೇ ಸಲ ಮುರಿದದ್ದಕ್ಕೆ ಒಂದು ವರ್ಷ ಗಾಡಿ ಓಡಿಸುವಂತಿಲ್ಲ. ಈ ವಸಂತದಲ್ಲಿ ನಿಯಮಕ್ಕೆ ಸೇರಿಸಿದ ಹೊಸ ಸಾಲಿನ ಪ್ರಕಾರ, ದೊಡ್ಡ ಬಟ್ಟಲಿನ ಪಂದ್ಯಕ್ಕೆ ಮೊದಲೇ ಹೆಸರು ಕೊಟ್ಟ ಸವಾರ ಅದನ್ನ ಓಡಿಸಿ ಮುಗಿಸಬಹುದು. ಶಿಕ್ಷೆ ಭಾನುವಾರದಿಂದ."

ಕುದುರೆ ಮಾಲೀಕರು ಕಾಡಿ ಬೇಡಿ ಸೇರಿಸಿಕೊಂಡ ಸಾಲು ಅದು. ಬೇಡ ಅಂತ ಅವತ್ತು ಮೇಜು ಗುದ್ದಿದವಳು ಹಿಲ್ಡಾ ಒಬ್ಬಳೇ.

"ಭಾನುವಾರದಿಂದಾ?" ನೊಯೆಲ್ಲಾಳ ದನಿ ಸೀಳಿತು. "ಮರುಬೆಳಗಿಂದ ಅಲ್ವಾ? ಯಾವಾಗಲೂ ಮರುಬೆಳಗಿಂದ ತಾನೇ?"

"ಅದು ಹಳೇ ಕಾಲ ಮಗಳೇ," ಅಂದ ಪ್ರಾಸ್ಪರ್. ಅವನ ಮೀಸೆಯಡಿ ನಗು ಇತ್ತು. "ಓದಿದ್ದು ನಾನೊಬ್ಬನೇ ಅಂತ ಕಾಣುತ್ತೆ. ಶನಿವಾರ ಮಿನೂ ಜೊತೆ ಕೊನೇ ಸುತ್ತು. ಆಮೇಲೆ ವರ್ಷವಿಡೀ ನಿನ್ನ ಕೈ ಸಾರು."

"ಇಲ್ಲ… ನಾನು ಸುಳ್ಳು ಹೇಳ್ದೆ! ಏಟು ನಂದು! ಅಪ್ಪ ಮೂರ್ಛೆ ಹೋಗಿದ್ದೂ ನಿಜ, ನಾನೇ ನೀರು ಹಾಕ್ದೆ…"

ಬ್ರೆಹಾಟ್ ಎದ್ದ. "ಒಂದೇ ಬಾಯಲ್ಲಿ ಎಷ್ಟು ಸತ್ಯ ತಾಯಿ? ಕಡತ ಮುಚ್ಚಿದೆ. ಅಪ್ಪನ್ನ ಕರ್ಕೊಂಡು ಹೋಗು."

ಹಿಲ್ಡಾ ಏಳಲಿಲ್ಲ. ಅವಳ ಕಿವಿ ಬಿಸಿಯಾಗಿತ್ತು. ಆದರೆ ಈ ಸಲ ಅವಳು ಬಾಯಿ ತೆರೆಯಲಿಲ್ಲ. ನೋಡುತ್ತ ಕೂತಳು.

ಪ್ರಾಸ್ಪರ್ ಮೇಜಿನ ಬಳಿ ಬಂದ. ತನ್ನ ಬಾರುಕೋಲು ಎತ್ತಿಕೊಳ್ಳಲು ಕೈ ಚಾಚಿದ. ಬಾರುಕೋಲಿನ ಹಿಡಿ ಅವನ ಎಡಗಡೆಗಿತ್ತು. ಕೈ ಬಂದು ಬರಿಯ ಹಲಗೆಯನ್ನು ಹಿಡಿಯಿತು, ಹಿಡಿಯಿಂದ ಒಂದು ಗೇಣು ಆಚೆ. ಬೆರಳುಗಳು ಮರದ ಮೇಲೆ ಮೆಲ್ಲಗೆ ತಡಕಾಡಿದವು.

ನೊಯೆಲ್ಲಾ ಒಂದು ಹೆಜ್ಜೆ ಮುಂದೆ ಬಂದು, ಯಾರಿಗೂ ಕಾಣದ ಹಾಗೆ, ಹಿಡಿಯನ್ನು ಅವನ ಅಂಗೈಗೆ ತಳ್ಳಿದಳು. ಬೆಳಗ್ಗೆ ಚಹಾದ ಬಟ್ಟಲು ತಳ್ಳಿದ ಹಾಗೇ. ಬಹಳ ದಿನದ ಅಭ್ಯಾಸದ ಕೈ ಅದು.

ಗೋಡೆಯ ಕಡೆಗಿಟ್ಟ ಎಡಭುಜ. ಗಾಳಿಯಲ್ಲಿ ಉಳಿದ ರಾಯ್ಡನ್‌ನ ಕೈ. ತಿಂಗಳಿಡೀ ಬಿಡದೆ ಹಿಡಿದ ಒಳಬೇಲಿ, ಯಾವ ಗಾಡಿಯೂ ಎಡಗಡೆಗೆ ಬರಲಾಗದ ಒಂದೇ ಒಂದು ಜಾಗ.

ಹಿಲ್ಡಾ ಸದ್ದಿಲ್ಲದೆ ಎದ್ದು ಮೇಜು ಸುತ್ತಿ ಬಂದಳು. ಪ್ರಾಸ್ಪರನ ಎಡಗಡೆಗೆ ನಿಂತು, ಅವನ ಕಿವಿಯ ಪಕ್ಕ ಅಂಗೈ ಅಗಲಿಸಿ ಹಿಡಿದಳು. ಇನ್ನಷ್ಟು ಮುಂದೆ ತಂದಳು, ಎಡಗಣ್ಣಿನ ಅಂಚಿನವರೆಗೆ.

ಅವನು ಬ್ರೆಹಾಟ್‌ನ ಜೊತೆ ಆಲೂಗಡ್ಡೆ ಬೆಳೆಯ ಮಾತಾಡುತ್ತಿದ್ದ. ರೆಪ್ಪೆಯೂ ಅಲುಗಲಿಲ್ಲ.

ಹಿಲ್ಡಾ ಮತ್ತು ನೊಯೆಲ್ಲಾ ಆ ಬಿಳಿತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡಿದರು.

ಆಗ ಬಾಗಿಲು ದಡಾರನೆ ತೆರೆಯಿತು. ಚೀಟಿ ಎತ್ತಿದ ಸುದ್ದಿ ಹೊತ್ತು ರಾಯ್ಡನ್ ಮೆಟ್ಟಿಲೋಡಿ ಬಂದಿದ್ದ, ಮುಖವೆಲ್ಲ ಹಲ್ಲು.

"ತಾತಾ! ನಿಂಗೆ ಎಂಟನೇ ಜಾಗ, ಕಟ್ಟಕಡೇದು! ಶನಿವಾರ ನಾವು ಏಳೂ ಜನ ನಿನ್ನ ಎಡಗಡೆಗೇ ಇರ್ತೀವಿ ಕಣೋ. ಆವಾಗಾದ್ರೂ ಮುಖ ತಿರುಗ್ಸಿ ನೋಡು!"